ಟಿನ್ ಫ್ಯಾಕ್ಟರಿಯಲ್ಲಿ ‘ಗೆಟ್ ಡೌನ್’ ಆದರೆ ತಪ್ಪೇನು?

(ಹಗಲು ದುಡಿದು ಸಂಜೆ ಇಂಗ್ಲಿಷ್ ಕಲಿಯಲು ಬರುವ ಯುವಕ ಯುವತಿಯರ ಮುಂದೆ, ಟಿನ್ ಫ್ಯಾಕ್ಟರಿಯ ಬಳಿ ನಮ್ಮ ವರದಿಗಾರರೊಬ್ಬರು ಆಡಿದ ಮಾತುಗಳ ಬರಹ ರೂಪ.)



ನಿಮ್ಮಲ್ಲಿ ಹೆಚ್ಚಿನವರು ಬಸ್ಸಿನಲ್ಲಿ ಬಂದಿದ್ದೀರಿ. ‘ಯಾರ್ರೀ ಟಿನ್ ಫ್ಯಾಕ್ಟರಿ, ಇಳೀರಿ ಇಳೀರಿ’ ಎಂದು ಕಂಡಕ್ಟರ್ ಕೂಗಿದರು, ನೀವು ಇಳಿದಿರಿ. ಅದನ್ನೇ ಇಂಗ್ಲಿಷಿನಲ್ಲಿ ಹೇಳಿ ಎಂದರೆ ಏನು ಹೇಳುತ್ತೀರಿ? ‘ಐ ಗಾಟ್ ಡೌನ್ ಇನ್ ಟಿನ್ ಫ್ಯಾಕ್ಟರಿ.’ ನಾನೂ ಹಾಗೆಯೇ ಹೇಳುತ್ತಿದ್ದೆ.

ಪತ್ರಿಕೋದ್ಯಮದ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಹೊಸತು. ರಸ್ತೆ ಕಾಮಗಾರಿಯ ಬಗ್ಗೆ ಒಂದು ಪತ್ರಿಕಾಗೋಷ್ಠಿ ಇತ್ತು. ತಡವಾಗಿ ಹೋದೆ. ಕಾರಣ ಕೇಳಿದವರಿಗೆ ಮೇಲಿನ ವಾಕ್ಯವನ್ನೇ ಹೇಳಿ, ಅಲ್ಲಿಂದ ನಡೆದು ಬಂದೆ ಎಂದೆ. ‘ಓಹೋ, ಕಾರ್ಖಾನೆಯೊಳಕ್ಕೇ ಇಳಿದುಬಿಟ್ಟಿರಾ?’ ಎಂದರು ಒಬ್ಬರು. ಎಲ್ಲರೂ ನಕ್ಕರು. ನಾನೂ ಪೆಚ್ಚಾಗಿ ನಕ್ಕೆ. ಈ ಜಂಕ್ಷನ್ನಿನಲ್ಲಿ ನಡೆದು ಹೋಗುವವರು ರಸ್ತೆ ದಾಟುವುದು ಎಲ್ಲಿಂದ ಎಂದು ಕೇಳಬೇಕೆಂದುಕೊಂಡು ಬಂದಿದ್ದವನು ಕೊನೆಯವರೆಗೂ ಬಾಯಿ ಬಿಡಲಿಲ್ಲ. ಬೇರೆ ಯಾರೂ ಅದನ್ನು ಕೇಳಲಿಲ್ಲ. ಎರಡು ಪುಟ್ಟ ಪದಗಳ ಭಯದಿಂದ ಒಂದು ಪ್ರಶ್ನೆ ಕಳೆದುಹೋಯಿತು. ಆ ಪದಗಳ ಹಿಂದೆ ಬಿದ್ದು ನಾನು ತಿಳಿದುಕೊಂಡದ್ದನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ದಿಕ್ಕು ಹೇಳುವವರು ಯಾರು?

‘ಗಾಟ್ ಡೌನ್ ಅಟ್ ಟಿನ್ ಫ್ಯಾಕ್ಟರಿ’ ಎಂಬುದನ್ನು ಬಿಡಿಸಿ ನೋಡಿ. ‘ಗೆಟ್’ ಎಂಬ ಕ್ರಿಯಾಪದ ತಾನಾಗಿ ಏನನ್ನೂ ಹೇಳುವುದಿಲ್ಲ. ಯಾವ ಕಡೆಗೆ ಎಂದು ತಿಳಿಸುವುದು ‘ಡೌನ್’ ಎಂಬ ಕಿರುಪದ. ಯಾವ ಜಾಗ ಎಂದು ತಿಳಿಸುವುದು ‘ಅಟ್’ ಎಂಬ ಪ್ರಿಪೊಸಿಷನ್ ಹಿಡಿದು ಬಂದ ‘ಅಟ್ ಟಿನ್ ಫ್ಯಾಕ್ಟರಿ’. ಮೂವರ ಕೆಲಸ ಬೇರೆ ಬೇರೆ.

ಕನ್ನಡದಲ್ಲಿ ಹಾಗಿಲ್ಲ. ‘ಇಳಿ’ ಎಂದರೆ ಸಾಕು, ಚಲನೆಯೂ ಬಂತು, ದಿಕ್ಕೂ ಬಂತು. ಹತ್ತು, ಏರು, ನುಗ್ಗು, ದಾಟು, ಮರಳು ಇವೆಲ್ಲ ಇದೇ ಜಾತಿಯವು. ಇಂಗ್ಲಿಷಿನವರು ಇವಕ್ಕೆಲ್ಲ ‘ಗೋ’ ಎಂಬ ಒಂದೇ ಪದ ಹಿಡಿದು ಅಪ್, ಇನ್, ಅಕ್ರಾಸ್, ಬ್ಯಾಕ್ ಎಂದು ಬಾಲ ಬದಲಿಸುತ್ತಾ ಹೋಗುತ್ತಾರೆ. ಅಮೆರಿಕದ ಭಾಷಾವಿಜ್ಞಾನಿ ಲೆನರ್ಡ್ ಟಾಲ್ಮಿ 1985ರಲ್ಲಿ ಪ್ರಕಟಿಸಿದ ದೀರ್ಘ ಲೇಖನದಲ್ಲಿ, ಜಗತ್ತಿನ ಭಾಷೆಗಳು ಚಲನೆಯ ದಾರಿಯನ್ನು ಎಲ್ಲಿ ಹುದುಗಿಸುತ್ತವೆ ಎಂಬುದನ್ನು ಪರಿಶೀಲಿಸಿದರು. ಸ್ಪ್ಯಾನಿಷಿನಂಥ ಭಾಷೆಗಳಲ್ಲಿ ದಾರಿ ಕ್ರಿಯಾಪದದೊಳಗೇ ಇರುತ್ತದೆ. ಇಂಗ್ಲಿಷಿನಲ್ಲಿ ಅದು ಪಕ್ಕದ ಕಿರುಪದದಲ್ಲಿರುತ್ತದೆ. ನಮ್ಮ ‘ಇಳಿ’ ಮೊದಲನೆಯ ಗುಂಪಿಗೆ ಸೇರಿದ್ದು.

‘ಹುಡುಗ ಓಡಿಕೊಂಡು ರಸ್ತೆಗೆ ಬಂದ’ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ‘ದ ಬಾಯ್ ರ‍್ಯಾನ್ ಔಟ್ ಇಂಟು ದ ರೋಡ್’. ಓಡಿದ್ದು ಕ್ರಿಯಾಪದ, ಹೊರಕ್ಕೆ ಎಂಬುದು ಕಿರುಪದ, ರಸ್ತೆಗೆ ಎಂಬುದು ಕೊನೆಯ ತುಣುಕು. ಮೊದಲು ದಿಕ್ಕು, ಆಮೇಲೆ ಜಾಗ. ಈ ಸರದಿ ಮನಸ್ಸಿನಲ್ಲಿ ನಿಂತರೆ ಅರ್ಧ ಕಲಿತಂತೆ.

ಬಸ್ಸಿಗೆ ‘ಆಫ್’, ಆಟೊಗೆ ‘ಔಟ್ ಆಫ್’

ಹಾಗಾದರೆ ‘ಗೆಟ್ ಡೌನ್’ ತಪ್ಪೇ? ಏಣಿ, ಗೋಡೆ, ಕುದುರೆಗಳಿಂದ ಇಳಿಯುವಾಗ ಇಂಗ್ಲಿಷರೂ ‘ಗೆಟ್ ಡೌನ್’ ಎನ್ನುತ್ತಾರೆ. ಬಸ್ಸು, ರೈಲುಗಳಿಗೆ ಮಾತ್ರ ಅವರದು ‘ಗೆಟ್ ಆಫ್’. ಕಾರು, ಆಟೊಗಳಿಗೆ ‘ಗೆಟ್ ಔಟ್ ಆಫ್’. ಎದ್ದು ಓಡಾಡಬಹುದಾದ ವಾಹನ ಜಗಲಿಯಿದ್ದಂತೆ, ಅದರ ‘ಆನ್’ ಇರುತ್ತೇವೆ. ಮುದುರಿ ಕೂರಬೇಕಾದ ವಾಹನ ಪೆಟ್ಟಿಗೆಯಿದ್ದಂತೆ, ಅದರ ‘ಇನ್’ ಇರುತ್ತೇವೆ. ನಮಗೆ ಈ ಭೇದವಿಲ್ಲ. ಕನ್ನಡದ ‘ಇಳಿ’, ಹಲಸೂರಿನ ತಮಿಳರ ‘ಇರಂಗು’, ಶಿವಾಜಿನಗರದ ಉರ್ದುವಿನ ‘ಉತರ್‌ನಾ’ ಮೂರಕ್ಕೂ ಒಂದೇ ಅರ್ಥ. ಈ ಮೂರು ಭಾಷೆಯವರೂ ಒಂದೇ ಬಸ್ಸಿನಲ್ಲಿ ಇಂಗ್ಲಿಷ್ ಆಡುವ ಊರಿನಲ್ಲಿ ‘ಗೆಟ್ ಡೌನ್’ ನಿಂತುಬಿಟ್ಟದ್ದು ಆಶ್ಚರ್ಯವಲ್ಲ. ನನ್ನ ವಾಕ್ಯದಲ್ಲಿ ನಿಜವಾಗಿ ಎಡವಿದ್ದು ‘ಡೌನ್’ ಅಲ್ಲ, ‘ಇನ್’. ಕನ್ನಡದ ‘ಅಲ್ಲಿ’ ಎಂಬ ಒಂದೇ ಪ್ರತ್ಯಯ ಒಳಗಿನ ಜಾಗಕ್ಕೂ ಆಗುತ್ತದೆ, ಬಸ್ ನಿಲ್ದಾಣದಂಥ ಗುರುತಿಗೂ ಆಗುತ್ತದೆ. ಇಂಗ್ಲಿಷಿನಲ್ಲಿ ಗುರುತಿಗೆ ‘ಅಟ್’, ಒಳಗಿಗೆ ‘ಇನ್’.

ಇನ್ನೊಂದು ಸ್ವಾರಸ್ಯ ನೋಡಿ. 2023ರ ಅಕ್ಟೋಬರಿನಲ್ಲಿ ಇಲ್ಲೇ ಬೆನ್ನಿಗಾನಹಳ್ಳಿ ಮೆಟ್ರೊ ನಿಲ್ದಾಣ ತೆರೆಯಿತು. ಅಲ್ಲಿ ನಾವು ಎರಡು ಸಲ ಇಳಿಯಬೇಕು: ರೈಲಿನಿಂದ ಒಮ್ಮೆ, ಮೆಟ್ಟಿಲಿನಿಂದ ಒಮ್ಮೆ. ಇಂಗ್ಲಿಷಿನಲ್ಲಿ ಮೊದಲನೆಯದು ‘ಗಾಟ್ ಆಫ್ ದ ಟ್ರೈನ್’, ಎರಡನೆಯದು ‘ಕೇಮ್ ಡೌನ್ ಟು ದ ರೋಡ್’. ಅವರ ‘ಡೌನ್’ ಎತ್ತರದಿಂದ ತಗ್ಗಿಗೆ ಬಂದಾಗ ಕೆಲಸ ಮಾಡುತ್ತದೆ.

ನಮಗೂ ಗೊತ್ತಿರುವ ಉಪಾಯ

ಇದೆಲ್ಲ ಹೊಸದೇನಲ್ಲ. ‘ಎಲ್ಲಿದ್ದೀಯಾ?’ ಎಂದರೆ ‘ಕೆಳಗೆ, ಬಸ್‌ಸ್ಟಾಪಿನಲ್ಲಿ’, ‘ಮೇಲೆ, ತೂಗುಸೇತುವೆಯಲ್ಲಿ’, ‘ಆಚೆ, ಕೆ.ಆರ್. ಪುರ ಸ್ಟೇಷನ್ ಹತ್ರ’ ಎಂದು ಹೇಳುವುದಿಲ್ಲವೇ? ಮೊದಲು ಯಾವ ಕಡೆ ಎಂದು ಕೈ ತೋರಿಸಿ, ಆಮೇಲೆ ಜಾಗದ ಹೆಸರು. ಇಂಗ್ಲಿಷಿನ ‘ಡೌನ್ ಅಟ್ ದ ಬಸ್ ಸ್ಟಾಪ್’, ‘ಅಪ್ ಆನ್ ದ ಬ್ರಿಜ್’, ‘ಓವರ್ ಬೈ ದ ಸ್ಟೇಷನ್’ ಇದೇ ಉಪಾಯ. ‘ಮೇಲೆ ಹೋದ’ ಎನ್ನುವಾಗ ‘ಮೇಲೆ’ ಒಂಟಿ; ‘ಸೇತುವೆಯ ಮೇಲೆ’ ಎನ್ನುವಾಗ ಅದಕ್ಕೆ ಜೋಡಿ. ಇಂಥ ಪದಗಳನ್ನು ಶಾಲೆಯ ವ್ಯಾಕರಣ ಅವ್ಯಯ ಎನ್ನುತ್ತದೆ. 13ನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದ ಕೊನೆಯ ಪ್ರಕರಣವನ್ನು ಅವ್ಯಯಗಳಿಗೇ ಮೀಸಲಿಟ್ಟಿದ್ದಾನೆ.

ಎಡವುವ ಜಾಗಗಳು ಕೆಲವೇ. ‘ಬ್ಯಾಕ್’, ‘ಅವೇ’ ಇವು ಜಾಗದ ಹೆಸರನ್ನು ನೇರವಾಗಿ ಹಿಡಿಯುವುದಿಲ್ಲ, ನಡುವೆ ಕೊಂಡಿ ಬೇಕು: ‘ಬ್ಯಾಕ್ ಟು ದ ಆಫೀಸ್’, ‘ಅವೇ ಫ್ರಮ್ ದ ರೋಡ್’. ಆದರೆ ಮನೆಗೆ ಹೋಗುವಾಗ ‘ಗೋ ಹೋಮ್’. ನಮ್ಮ ‘ಗೆ’ ಪ್ರತ್ಯಯದ ಅಭ್ಯಾಸದಿಂದ ‘ಟು’ ಸೇರಿಸಬೇಡಿ. ‘ರಿಟರ್ನ್’ ಎಂಬುದರಲ್ಲಿ ನಮ್ಮ ‘ಮರಳು’ವಿನಂತೆ ದಿಕ್ಕು ಒಳಗೇ ಇದೆ, ಮತ್ತೆ ‘ಬ್ಯಾಕ್’ ಬೇಡ.

ಕಿರುಪದ ಕನ್ನಡವಾದಾಗ

ಬ್ರಿಟಿಷರು 1809ರಲ್ಲಿ ಇಲ್ಲಿ ದಂಡು ಕಟ್ಟಿದರು. ಆ ದಂಡು ಪ್ರದೇಶದ ಬೀದಿಗಳಲ್ಲಿ ಕಿವಿಗೆ ಬಿದ್ದ ಇಂಗ್ಲಿಷು ಬರಿಯ ಪುಸ್ತಕದ ಇಂಗ್ಲಿಷಾಗಿ ಉಳಿಯಲಿಲ್ಲ. ಇಂದಿಗೂ ಬಸ್ಸು ನಿಲ್ಲಿಸಲು ಕಂಡಕ್ಟರ್ ಕೂಗುವ ‘ಹೋಲ್ಡಾನ್’ ಅನ್ನು ಕೇಳಿ. ‘ಹೋಲ್ಡ್’ ಎಂಬ ಕ್ರಿಯಾಪದ, ‘ಆನ್’ ಎಂಬ ಕಿರುಪದ. ನಾವು ಎರಡನ್ನೂ ಬೆಸುಗೆ ಹಾಕಿ ಒಂದೇ ಪದ ಮಾಡಿಕೊಂಡೆವು. ‘ಲೇಔಟ್’, ‘ಫ್ಲೈಓವರ್’ ಕೂಡ ಅದೇ ಬೆಸುಗೆಯವು. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅಲ್ಲಿಂದ ರೈಲಿನಲ್ಲಿ ಬಂದು ಇಲ್ಲಿ ದುಡಿದು ರಾತ್ರಿ ಮರಳುವವರನ್ನು ಕೇಳಿದರೆ ‘ದಿನಾ ಅಪ್ ಅಂಡ್ ಡೌನ್ ಮಾಡ್ತೀವಿ ಸಾರ್’ ಎನ್ನುತ್ತಾರೆ. ಒಂದು ಕ್ರಿಯಾಪದವೂ ಇಲ್ಲದ ಎರಡು ಕಿರುಪದಗಳಲ್ಲಿ ಒಂದು ಬದುಕೇ ಅಡಗಿದೆ.

ಆದ್ದರಿಂದ ನನ್ನ ಮಾತು ಇಷ್ಟೆ. ಸಂದರ್ಶನಕ್ಕೆ ಹೋದಾಗ, ಹೊರದೇಶದವರೊಡನೆ ಮಾತಾಡುವಾಗ ‘ಗೆಟ್ ಆಫ್ ಅಟ್’ ಎನ್ನಿ, ಅವರಿಗೆ ಬೇಗ ತಿಳಿಯುತ್ತದೆ. ಬಾಯಿ ತಪ್ಪಿ ‘ಗೆಟ್ ಡೌನ್’ ಎಂದರೆ ನಾಚಬೇಕಾದ್ದಿಲ್ಲ. ಅದು ದಡ್ಡತನವಲ್ಲ, ‘ಇಳಿ’ಯ ನೆರಳು. ಇಂಗ್ಲಿಷಿನಲ್ಲಿ ‘ಲುಕ್ ಡೌನ್ ಆನ್’ ಎಂಬ ಮಾತಿದೆ: ಕ್ರಿಯಾಪದ, ಕಿರುಪದ, ಪ್ರಿಪೊಸಿಷನ್ ಮೂರೂ ಸೇರಿ ‘ಕೀಳಾಗಿ ಕಾಣು’ ಎಂದು ಅರ್ಥ. ಮಾತಿನ ರೀತಿಯನ್ನು ಹಿಡಿದು ಮನುಷ್ಯರನ್ನು ಹಾಗೆ ಕಾಣುವುದು ಯಾವ ಭಾಷೆಯಲ್ಲೂ ಸರಿಯಲ್ಲ.

ಅಂದು ಕೇಳದೆ ಬಿಟ್ಟ ಪ್ರಶ್ನೆಯನ್ನು ಮುಂದಿನ ಪತ್ರಿಕಾಗೋಷ್ಠಿಯಲ್ಲಿ ಎದ್ದು ನಿಂತು ಕೇಳಿದೆ, ಕನ್ನಡದಲ್ಲೇ. ಯಾರೂ ನಗಲಿಲ್ಲ. ಇನ್ನು ನಿಮ್ಮ ಸರದಿ. ಯಾವ ಭಾಷೆಯಲ್ಲಾದರೂ ಸರಿ, ಕೇಳಿ.