ತಾಮ್ರದ ಗೆರೆಯೂ ಅದರ ಕೆಳಗಿನ ನೆಲವೂ

ವಿದ್ಯುತ್ತೆಂಬುದು ತಂತಿಯೊಳಗೆ ಕಾಲುವೆಯ ನೀರಿನಂತೆ ಹರಿಯುತ್ತದೆಂದು ನಾವೆಲ್ಲರೂ ಶಾಲೆಯಲ್ಲಿ ಕಲಿತಿದ್ದೇವೆ. ಮನೆಯ ದೀಪದ ಮಟ್ಟಿಗೆ ಆ ಉಪಮಾನ ಸಾಕು. ಸೆಕೆಂಡಿಗೆ ಸಾವಿರ ಕೋಟಿ ಸಲ ಕಂಪಿಸುವ ಮೈಕ್ರೋವೇವ್ ತರಂಗಗಳಿಗೆ ಅದು ಸಾಲದು. ಅಲ್ಲಿ ಪ್ರವಾಹವು ತಾಮ್ರದ ಮೈಯಲ್ಲಿ, ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟೂ ದಪ್ಪವಿಲ್ಲದ ಪದರದಲ್ಲಿ ಸುಳಿಯುತ್ತದೆ. ಶಕ್ತಿಯು ಸಾಗುವುದು ಲೋಹದೊಳಗಲ್ಲ, ಎರಡು ಲೋಹಗಳ ನಡುವಣ ಎಡೆಯಲ್ಲಿ.

ಎರಡನೆಯ ಮಹಾಯುದ್ಧದ ರೇಡಾರುಗಳಲ್ಲಿ ಈ ತರಂಗಗಳನ್ನು ಒಯ್ಯುತ್ತಿದ್ದುದು ಟೊಳ್ಳಾದ ಲೋಹದ ಕೊಳವೆಗಳು. ಭಾರವೂ ಹೆಚ್ಚು, ಬೆಲೆಯೂ ಹೆಚ್ಚು. ಯುದ್ಧಾನಂತರ ಅಮೆರಿಕದ ರಾಬರ್ಟ್ ಬ್ಯಾರೆಟ್, ಎರಡು ಲೋಹದ ಹಾಳೆಗಳ ನಡುವೆ ಪಟ್ಟಿಯೊಂದನ್ನಿರಿಸಿ ವಿದ್ಯುನ್ಮಂಡಲವನ್ನು ಅಚ್ಚುಹಾಕುವ ದಾರಿಯನ್ನು ತೋರಿದರು. 1952ರಲ್ಲಿ ಗ್ರೀಗ್ ಮತ್ತು ಎಂಗಲ್‌ಮನ್ ಎಂಬುವರು ಮೈಕ್ರೋಸ್ಟ್ರಿಪ್ಪನ್ನು ಪ್ರಕಟಿಸಿದರು. ಮೇಲಿನ ಹಾಳೆ ಇಲ್ಲವೇ ಇಲ್ಲ: ಕೆಳಗೆ ತಾಮ್ರದ ನೆಲ, ನಡುವೆ ನಿರೋಧಕದ ಹಲಗೆ, ಮೇಲೊಂದು ಗೆರೆ. ಮುಚ್ಚಳವಿಲ್ಲದ ಈ ದಾರಿಯಲ್ಲಿ ತರಂಗ ಸೋರಿಹೋದೀತೆಂಬ ಶಂಕೆ ನ್ಯಾಯವಾದುದೇ. ತೆಳುವಾದ ಅಲ್ಯೂಮಿನಾ ಪಿಂಗಾಣಿಯ ಹಲಗೆಗಳು ಬಳಕೆಗೆ ಬಂದ ಮೇಲೆ ಕ್ಷೇತ್ರವು ಗೆರೆಯ ಅಡಿಯಲ್ಲೇ ಒತ್ತಾಗಿ ನಿಂತಿತು, ಸೋರಿಕೆ ತಗ್ಗಿತು.

ವಿನ್ಯಾಸವೆಂದರೆ ಮೊದಲಿಗೆ ಗೆರೆಯ ಅಗಲದ ನಿರ್ಣಯ. 1.6 ಮಿಲಿಮೀಟರು ದಪ್ಪದ ಗಾಜುನಾರಿನ ಎಪಾಕ್ಸಿ ಹಲಗೆಯ ಮೇಲೆ 50 ಓಮ್ ಬೇಕಾದರೆ ಅಗಲ ಸುಮಾರು 3 ಮಿಲಿಮೀಟರು, 0.635 ಮಿಲಿಮೀಟರು ದಪ್ಪದ ಅಲ್ಯೂಮಿನಾದ ಮೇಲೆ ಸುಮಾರು 0.6. ಕ್ಷೇತ್ರದ ಒಂದು ಪಾಲು ಹಲಗೆಯಲ್ಲಿ, ಇನ್ನೊಂದು ಪಾಲು ಗಾಳಿಯಲ್ಲಿ ಇರುವುದರಿಂದ ಈ ಲೆಕ್ಕ ಸುಲಭದ್ದಲ್ಲ. 1965ರಲ್ಲಿ ಹೆರಾಲ್ಡ್ ವೀಲರ್ ಇದಕ್ಕೆ ಕೈಗೆಟುಕುವ ಸೂತ್ರಗಳನ್ನು ಕೊಟ್ಟರು. ಮೈಕ್ರೋಸ್ಟ್ರಿಪ್ಪನ್ನು ಕುರಿತ ಹೆಸರಾಂತ ಗ್ರಂಥವನ್ನು 1979ರಲ್ಲಿ ಹೊರತಂದವರು ನಮ್ಮವರೇ ಆದ ಕೆ. ಸಿ. ಗುಪ್ತ, ರಮೇಶ್ ಗರ್ಗ್, ಐ. ಜೆ. ಬಾಹ್ಲ್. ಇಂದು ಗಣಕಯಂತ್ರವು ಕ್ಷಣಮಾತ್ರದಲ್ಲಿ ಉತ್ತರ ಹೇಳುತ್ತದೆ.

ಆದರೆ ಗೆರೆಯ ಬಗ್ಗೆ ಕೇಳಿದರೆ ಗೆರೆಯ ಬಗ್ಗೆಯೇ ಉತ್ತರ. ವಿದ್ಯಾರ್ಥಿಗಳು ತಂದು ತೋರಿಸುವ ಹಲಗೆಗಳನ್ನು ನಾನು ಮೊದಲು ತಿರುವಿಹಾಕಿ ಬೆನ್ನನ್ನು ನೋಡುತ್ತೇನೆ. ಮೇಲೆ ಕೂದಲೆಳೆಯಷ್ಟೂ ತಪ್ಪಿಲ್ಲದ ಗೆರೆ. ಕೆಳಗೆ, ಯಾವುದೋ ವಿದ್ಯುತ್ ಪೂರೈಕೆಯ ತಂತಿಗೆ ಎಡೆಮಾಡಲು ನೆಲವನ್ನೇ ಸೀಳಿರುತ್ತಾರೆ! ಗೆರೆಯಲ್ಲಿ ಹೋದ ಪ್ರವಾಹ ಅದರ ನೇರ ಅಡಿಯಲ್ಲಿ ಮರಳಬೇಕು. ಸೀಳು ಅಡ್ಡಬಂದರೆ ಅದು ಸುತ್ತಿ ಬರುತ್ತದೆ, ತರಂಗದ ಒಂದಂಶ ಬಂದ ದಾರಿಗೇ ಹಿಂದಿರುಗುತ್ತದೆ. ಸೀಳಿನ ಉದ್ದ ತರಂಗದೂರದ ಅರ್ಧಕ್ಕೆ ಸಮೀಪಿಸಿತೋ, ಅದು ಆಂಟೆನಾ ಆಗಿಬಿಡುತ್ತದೆ. ಬೇಕೆಂದೇ ಹಾಗೆ ಸೀಳುವವರೂ ಉಂಟು. ಆ ಮಾತು ಬೇರೆ.

1969ರಲ್ಲಿ ಸಿ. ಪಿ. ವೆನ್ ಎಂಬ ವಿಜ್ಞಾನಿ ನೆಲವನ್ನು ಮೇಲಕ್ಕೇ ತಂದು ಗೆರೆಯ ಎಡಬಲಗಳಲ್ಲಿ ಹಾಸಿದರು. ಕಲಿಯುವವರಿಗೆ ಇದನ್ನು ಮೊದಲು ತೋರಿಸುವುದು ಲೇಸೆಂದು ನನ್ನ ಮತ. ನೆಲ ಕಣ್ಣೆದುರೇ ಇರುತ್ತದೆ. ಅಲ್ಲಿಯೂ ಎರಡು ನೆಲಗಳನ್ನು ಅಲ್ಲಲ್ಲಿ ಕಿರುಸೇತುವೆಗಳಿಂದ ಬೆಸೆಯಬೇಕು. ಇಲ್ಲವಾದರೆ ಗೆರೆಯ ತಿರುವುಗಳಲ್ಲಿ ಅವೆರಡರ ವೋಲ್ಟೇಜು ಬೇರೆಬೇರೆಯಾಗಿ, ನಾವು ಕರೆಯದ ಇನ್ನೊಂದು ತರಂಗ ಅದೇ ದಾರಿಯಲ್ಲಿ ಹೊರಟುಬಿಡುತ್ತದೆ.