ಆಪರೇಷನ್‌ಗೆ ಮುನ್ನ ಅರಿವಳಿಕೆ ವೈದ್ಯರಿಗೆ ಏನು ಹೇಳಬೇಕು?



ಹೊಟ್ಟೆಯ ಆಪರೇಷನ್ ಎಂದೊಡನೆ ಸರ್ಜನ್ ಯಾರೆಂದು ಕೇಳುತ್ತೇವೆ. ಅರಿವಳಿಕೆ ವೈದ್ಯರನ್ನು ಯಾರೂ ವಿಚಾರಿಸುವುದಿಲ್ಲ. 'ಬೇಹೋಶಿ ಸೂಜಿ' ಕೊಟ್ಟರೆ ಅವರ ಕೆಲಸ ಮುಗಿಯಿತೆಂದು ನಮ್ಮ ಭಾವನೆ. ವಾಸ್ತವವಾಗಿ ರೋಗಿ ಎಚ್ಚರಗೊಳ್ಳುವವರೆಗೂ ಅವರು ಕಣ್ಣು ಮಿಟುಕಿಸದೆ ಕಾಯಬೇಕು.

ನಿದ್ರೆ ತರಿಸುವ ಪ್ರೊಪೊಫಾಲ್ ರಕ್ತದೊತ್ತಡವನ್ನೂ ಉಸಿರಾಟವನ್ನೂ ತಗ್ಗಿಸುತ್ತದೆ. ಹೊಟ್ಟೆಯ ಸ್ನಾಯುಗಳನ್ನು ಸಡಿಲಿಸುವ ಔಷಧಿಯಿಂದ ಉಸಿರಾಟದ ಸ್ನಾಯುಗಳೂ ಸಡಿಲವಾಗುತ್ತವೆ. ಆಗ ಯಂತ್ರವೇ ಉಸಿರಾಡಿಸಬೇಕು. ಲ್ಯಾಪ್ರೊಸ್ಕೋಪಿಯಲ್ಲಿ ಹೊಟ್ಟೆಗೆ ತುಂಬುವ ಅನಿಲದ ಒತ್ತಡಕ್ಕೆ ನಾಡಿ ಒಮ್ಮೆಲೇ ನಿಧಾನವಾಗಬಹುದು. ಡೆಕ್ಸ್‌ಮೆಡಿಟೊಮಿಡಿನ್ ಸೇರಿಸಿದರೆ ಉಳಿದ ಔಷಧಿ ಕಡಿಮೆ ಸಾಕು, ಆದರೆ ಅದೂ ನಾಡಿಯನ್ನು ನಿಧಾನಗೊಳಿಸುತ್ತದೆ. ಔಷಧಿ ಹೆಚ್ಚಾದರೆ ರಕ್ತದೊತ್ತಡ ಕುಸಿಯುತ್ತದೆ. ಕಡಿಮೆಯಾದರೆ ಏರುತ್ತದೆ, ನಡುವೆ ಎಚ್ಚರವಾಗುವ ಅಪಾಯವೂ ಉಂಟು. ಆದ್ದರಿಂದ ಒಬ್ಬರ ಅಳತೆ ಇನ್ನೊಬ್ಬರಿಗೆ ಸಲ್ಲದು.

ಆ ಅಳತೆಗೆ ನಾವು ಕೊಡುವ ಮಾಹಿತಿಯೂ ಆಧಾರ. ಕೆಲವು ಬಿ.ಪಿ. ಮಾತ್ರೆ ನುಂಗಿದವರಲ್ಲಿ ರಕ್ತದೊತ್ತಡ ಇನ್ನಷ್ಟು ಕುಸಿಯಬಹುದು. ಸಕ್ಕರೆ ಕಾಯಿಲೆ, ಅಲರ್ಜಿ, ನಿದ್ರೆ ಮಾತ್ರೆ, ಬೀಡಿ, ಕುಡಿತ ಯಾವುದನ್ನೂ ಮುಚ್ಚಿಡಬೇಡಿ. ಸಾಮಾನ್ಯವಾಗಿ ಊಟವನ್ನು 6ರಿಂದ 8 ಗಂಟೆ, ನೀರನ್ನು 2 ಗಂಟೆ ಮೊದಲೇ ನಿಲ್ಲಿಸಬೇಕು. ವೈದ್ಯರು ಹೇಳಿದ ಸಮಯವೇ ಅಂತಿಮ. ಪ್ರಜ್ಞೆಯಿಲ್ಲದಾಗ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ. ಪಾಪ, ಹಸಿದಿದ್ದಾರೆಂದು ಕದ್ದು ಚಹಾ ಕುಡಿಸಬೇಡಿ.

ವಿದ್ಯಾರ್ಥಿಗಳೇ, ಮನೆಯಲ್ಲಿ ಓದುಬರಹ ಬಲ್ಲವರು ನೀವು. ಅಜ್ಜ ಅಜ್ಜಿಯರು ನುಂಗುವ ಮಾತ್ರೆಗಳ ಹೆಸರನ್ನು ಇಂದೇ ಒಂದು ಚೀಟಿಯಲ್ಲಿ ಬರೆದಿಡಿ. ಅಗತ್ಯ ಬಿದ್ದ ದಿನ ಅದು ಅರಿವಳಿಕೆ ವೈದ್ಯರ ಕೈ ಸೇರಲಿ.