ಸಾಲ ಕೇಳೋ ಫೋನಿಗೆ ಹೆದರಬ್ಯಾಡ್ರಿ

ಸಾಲಕ್ಕೆ ಜೀತ ಇದ್ದ ಅಜ್ಜಂದಿರ ಮೊಮ್ಮಕ್ಕಳು ನಾವು. ಜೀತದ ಸಾಲವನ್ನು 1976ರ ಕಾಯ್ದೆ ರದ್ದು ಮಾಡಿತು. ಈಗ ಸಾವ್ಕಾರ ಫೋನಿನೊಳಗ ಬರ್ತಾನ. "ಸಂಜೀ ಒಳಗ ಕಟ್ಟದಿದ್ರ ಪೊಲೀಸರು ಬರ್ತಾರ" ಅಂತಾನ. ಬರೇ ಬಾಕಿ ಉಳೀತಂತ ಪೊಲೀಸರು ಹಿಡಿಯೋದಿಲ್ಲ, ಅದು ಸಿವಿಲ್ ವ್ಯವಹಾರ. ಯಾವ ಬ್ಯಾಂಕು, ಯಾವ ಖಾತೆ, ಕಾಗದ ಕಳಿಸು ಅನ್ರಿ. ಕಳ್ಳನಾದ್ರ ಬೈದು ಫೋನ್ ಇಡ್ತಾನ, ಇಡ್ಲಿ ಬಿಡ್ರಿ. ಓಟಿಪಿ ಮಾತ್ರ ಹೇಳಬ್ಯಾಡ್ರಿ.

ಸಾಲ ಖರೇ ಇದ್ದರೂ ಮುಂಜಾನೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ವಸೂಲಿಯವರು ಫೋನ್ ಮಾಡಬಾರದೆಂದು 2022ರಲ್ಲಿ ರಿಸರ್ವ್ ಬ್ಯಾಂಕ್ ಹೇಳಿದೆ. 2020ರ ಡಿಸೆಂಬರಿನಲ್ಲಿ ನಮ್ಮ ತೆಲಂಗಾಣದಲ್ಲೇ ಆಪ್ ಸಾಲದವರ ಕಾಟಕ್ಕೆ ಜೀವಗಳು ಹೋದವು. ಆಮೇಲೆ ಕಾಲ್ ಸೆಂಟರುಗಳ ಮೇಲೆ ದಾಳಿಯಾಯಿತು.

ನಾಚಿಕೆಗೆ ಮುಚ್ಚಿಡಬ್ಯಾಡ್ರಿ. ರೊಕ್ಕ ಹೋಗಿದ್ರ ಆಗಿಂದಾಗ 1930ಕ್ಕೆ ಫೋನ್ ಹಚ್ಚಿರಿ. ಜಹೀರಾಬಾದ್ ಠಾಣೆಗೆ ತೆಲುಗಿನ್ಯಾಗ ಅರ್ಜಿ ಬೇಕಂದ್ರ ನಮ್ಮ ಸಂಘದ ಹುಡುಗರು ಬರೆದುಕೊಟ್ಟು ಸಂಗಟ ಬರ್ತಾರ.